ಸೋಮವಾರ ಬಿಡುಗಡೆ, ಭಾನುವಾರ ನಂಬರ್ ಒನ್

1990ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಬಿಡಿಯಾಗಿ ಮಾರಾಟವಾಗುವ ಹಾಡುಗಳ (ಸಿಂಗಲ್) ವಾರದ ಪಟ್ಟಿಯಾದ ಸಿಂಗಲ್ಸ್ ಚಾರ್ಟ್‌ನಲ್ಲಿ ಡಾನ್ಸ್ ಹಾಡುಗಳು ಬಂದ ವಾರವೇ ಮೊದಲ ಸ್ಥಾನ ಹಿಡಿದು, ಒಂದೆರಡು ವಾರದಲ್ಲೇ ಅದನ್ನು ಬಿಟ್ಟುಕೊಡುವುದು ಮಾಮೂಲಾಯಿತು. 1992ರಲ್ಲಿ ಇಡೀ ವರ್ಷಕ್ಕೆ ನಂಬರ್ ಒನ್ ಆದ ಹಾಡುಗಳು 15 ದಾಟಿರಲಿಲ್ಲ; 2000ದಲ್ಲಿ 40ಕ್ಕೂ ಹೆಚ್ಚು. ಕೇಳುಗರ ರುಚಿ ಇಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಹಾಡು ಮಾರುವ ರೀತಿ.

ಆ ಪಟ್ಟಿಗೆ ರೇಡಿಯೊ ಪ್ರಸಾರ ಲೆಕ್ಕಕ್ಕಿರಲಿಲ್ಲ. ಅಂಗಡಿಗಳಲ್ಲಿ ಬಾರ್‌ಕೋಡ್ ಓದಿಸಿ ಮಾರಿದ ಪ್ರತಿಗಳಷ್ಟೇ ಲೆಕ್ಕ. ಎಣಿಕೆಯ ವಾರ ಭಾನುವಾರದಿಂದ ಶನಿವಾರದವರೆಗೆ. ಭಾನುವಾರ ಸಂಜೆ ಬಿಬಿಸಿ ರೇಡಿಯೊ 1ರಲ್ಲಿ ಘೋಷಣೆ. ಹೊಸ ಸಿಂಗಲ್ ಅಂಗಡಿಗೆ ಬರುತ್ತಿದ್ದುದು ಸೋಮವಾರ. ಅಂದರೆ ರೆಕಾರ್ಡ್ ಕಂಪನಿಯ ಕೈಯಲ್ಲಿ ಆರೇ ದಿನ. ಆ ಆರು ದಿನ ಸುಮಾರು 4 ಪೌಂಡ್ ಬೆಲೆಯ ಸಿಡಿ ಅರ್ಧ ಬೆಲೆಗೆ ಸಿಗುತ್ತಿತ್ತು; ಮುಂದಿನ ವಾರ ಪೂರ್ತಿ ಬೆಲೆ. ಒಂದು ಹಾಡಿನ ಮೂರು ರೂಪಗಳ ಮಾರಾಟವನ್ನು ಕೂಡಿಸಿಕೊಳ್ಳಲು ಅವಕಾಶವಿದ್ದುದರಿಂದ ಸಿಡಿ ಒಂದು, ಸಿಡಿ ಎರಡು, ಜೊತೆಗೆ ಕ್ಯಾಸೆಟ್ ಅಥವಾ 12 ಇಂಚಿನ ಗ್ರಾಮಫೋನ್ ತಟ್ಟೆ ಹೊರಡಿಸುತ್ತಿದ್ದರು. ಎರಡೂ ಸಿಡಿ ಕೊಂಡ ಅಭಿಮಾನಿ ಎರಡು ಮಾರಾಟವಾಗಿ ದಾಖಲಾಗುತ್ತಿದ್ದ.

ಈ ಲೆಕ್ಕಕ್ಕೆ ಡಾನ್ಸ್ ಸಂಗೀತದಷ್ಟು ಚೆನ್ನಾಗಿ ಹೊಂದಿದ್ದು ಬೇರೊಂದಿಲ್ಲ. ರಾಕ್ ತಂಡವೊಂದು ಎರಡನೇ ಸಿಡಿ ತುಂಬಲು ಹೊಸ ಹಾಡುಗಳನ್ನೇ ಕಟ್ಟಬೇಕು. ಡಾನ್ಸ್ ಹಾಡಾದರೆ ಮೂರ್ನಾಲ್ಕು ಡಿಜೆಗಳಿಗೆ ರೀಮಿಕ್ಸ್ ಮಾಡಲು ಕೊಟ್ಟರಾಯಿತು. ಒಂದೇ ಹಾಡಿನ ರೂಪಾಂತರಗಳಾದರೆ 40 ನಿಮಿಷದವರೆಗೂ ಸಿಂಗಲ್ ಎಂದೇ ಪರಿಗಣನೆ. 1992ರಲ್ಲಿ ದಿ ಆರ್ಬ್ ತಂಡ ಆ ಮಿತಿಯ ಅಂಚಿಗೇ ಬರುವಷ್ಟು ಉದ್ದದ ‘ಬ್ಲೂ ರೂಮ್’ ಹೊರತಂದು ಮೊದಲ ಹತ್ತರೊಳಗೆ ಬಂದಿತ್ತು. ಬಿಡುಗಡೆಗೆ ವಾರಗಟ್ಟಲೆ ಮೊದಲೇ ಹೆಸರಿಲ್ಲದ ಬಿಳಿ ಲೇಬಲ್‌ನ ತಟ್ಟೆಗಳು ಕ್ಲಬ್ ಡಿಜೆಗಳ ಕೈ ಸೇರಿರುತ್ತಿದ್ದವು. ಜನ ಕುಣಿದು, ರೇಡಿಯೊದಲ್ಲಿ ಕೇಳಿ, ಕೊಳ್ಳಲು ಕಾದು ಕೂತಿರುತ್ತಿದ್ದರು. ಆ ಬೇಡಿಕೆಯೆಲ್ಲ ಒಂದೇ ವಾರದಲ್ಲಿ ತೀರುತ್ತಿತ್ತು.

ರೀಮಿಕ್ಸ್‌ನ ಬಲ ಎಷ್ಟೆಂದು ತಿಳಿಯಲು ‘ಬ್ರಿಮ್‌ಫುಲ್ ಆಫ್ ಆಶಾ’ ಒಂದೇ ಸಾಕು. ಆಶಾ ಭೋಸ್ಲೆಯವರನ್ನು ನೆನೆದು ಕಾರ್ನರ್‌ಶಾಪ್ ತಂಡದ ಟಜಿಂದರ್ ಸಿಂಗ್ ಬರೆದ ಈ ಹಾಡು 1997ರಲ್ಲಿ 60ನೇ ಸ್ಥಾನಕ್ಕೇ ನಿಂತಿತು. ನಿಧಾನ ಗತಿ, ಸಡಿಲ ಗಿಟಾರ್; ಕ್ಲಬ್ಬಿಗೆ ಒಗ್ಗುವಂಥದ್ದಲ್ಲ. ಫ್ಯಾಟ್‌ಬಾಯ್ ಸ್ಲಿಮ್ ಎಂದು ಹೆಸರಾದ ನಾರ್ಮನ್ ಕುಕ್ ಅದರ ವೇಗ ಏರಿಸಿದರು, ಅದರೊಂದಿಗೆ ಶ್ರುತಿಯೂ ಮೇಲೇರಿತು. ಕೆಳಗೆ ದಪ್ಪ ಡ್ರಮ್ ಕೂರಿಸಿದರು. 1998ರ ಫೆಬ್ರವರಿಯಲ್ಲಿ ಅದೇ ಹಾಡು ನಂಬರ್ ಒನ್. ಮೂಲದ ಸೊಗಸು ಬೇರೆಯೇ, ನಿಜ. ಆದರೆ ಆಶಾ ಹೆಸರನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿದ್ದು ಈ ರೀಮಿಕ್ಸೇ.

ಹೀಗೆ ಜನರನ್ನು ಕಾಯಿಸಿ ಮಾರುವ ಲೆಕ್ಕಾಚಾರ ಎಡವಿದ್ದೂ ಉಂಟು. ಬೇಸಿಗೆ ರಜೆಗೆ ಇಬೀಜಾಕ್ಕೋ ಗ್ರೀಸಿಗೋ ಹೋದವರು ಅಲ್ಲಿ ಕೇಳಿದ ಹಾಡನ್ನು ಊರಿಗೆ ಬಂದು ಹುಡುಕುತ್ತಿದ್ದರು. ಬ್ರಿಟನ್ನಿನಲ್ಲಿ ಇನ್ನೂ ಬಿಡುಗಡೆಯೇ ಆಗಿರುತ್ತಿರಲಿಲ್ಲ. ಆಗ ಅಂಗಡಿಯವರು ಯುರೋಪಿನಿಂದ ಸಿಡಿ ತರಿಸಿ ಮಾರಿದರು. 1999ರಲ್ಲಿ ಲೂ ಬೇಗಾನ ‘ಮ್ಯಾಂಬೊ ನಂ. 5’, ಇಟಲಿಯ ಐಫೆಲ್ 65ರ ‘ಬ್ಲೂ’ ಎರಡೂ ಆಮದು ಪ್ರತಿಗಳ ಬಲದಿಂದಲೇ ಮೊದಲ 40ರೊಳಗೆ ನುಗ್ಗಿದವು. ಆಮದು ಸಿಡಿಯನ್ನು ಬೇರೆಯಾಗಿ ಎಣಿಸುತ್ತಿದ್ದುದರಿಂದ ಆ ಮಾರಾಟ ಬ್ರಿಟಿಷ್ ಬಿಡುಗಡೆಯ ಖಾತೆಗೆ ಸೇರುತ್ತಿರಲಿಲ್ಲ. ಆದರೂ ಎರಡೂ ಕೊನೆಗೆ ನಂಬರ್ ಒನ್ ಆದವು.

ಈ ಓಟದ ನಡುವೆ ಅಮೆರಿಕದ ಗಾಯಕಿ ಚೆರ್‌ಳ ‘ಬಿಲೀವ್’ 1998ರ ಕೊನೆಯಲ್ಲಿ ಏಳು ವಾರ ಕದಲದೆ ನಿಂತದ್ದು ಅಪರೂಪ. ಅದರಲ್ಲಿ ಬಳಸಿದ ಆಟೋಟ್ಯೂನ್ ಎಂಬ ಸಾಫ್ಟ್‌ವೇರ್ ಸ್ವರ ತಿದ್ದುವ ವೇಗವನ್ನು ಸೊನ್ನೆಗೆ ಇಟ್ಟರೆ ದನಿ ಜಾರದೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಜನ ಅಂಥದ್ದನ್ನು ಕೇಳಿರಲಿಲ್ಲ. ಬೆಲೆ ಇಳಿಸಿ ಇಂಥ ಕುತೂಹಲ ಹುಟ್ಟಿಸಲಾಗದು.

2007ರ ಜನವರಿಯಿಂದ ಅಂಗಡಿಯಲ್ಲಿ ಸಿಡಿ ಇರಲಿ ಬಿಡಲಿ, ಎಲ್ಲ ಡೌನ್‌ಲೋಡ್‌ಗಳೂ ಲೆಕ್ಕಕ್ಕೆ ಬಂದವು. ಹಳೆಯ ಹಾಡುಗಳೂ ಪಟ್ಟಿಗೆ ಮರಳತೊಡಗಿದವು.