ಲೆಕ್ಕ ಕೇಳಿದರು, ಲೆಕ್ಕಕ್ಕೂ ಸಿಕ್ಕರು: ಇಂಗ್ಲೆಂಡಿನ ಸಮುದ್ರ ಗಾಳದವರ ಕತೆ

ಒಂದು ಸಮೀಕ್ಷೆಯ ಪ್ರಕಾರ, 2012ರಲ್ಲಿ ಇಂಗ್ಲೆಂಡಿನ ಸಮುದ್ರದಲ್ಲಿ ಹವ್ಯಾಸಕ್ಕೆ ಗಾಳ ಹಾಕಿದವರು ಸುಮಾರು 8,84,000 ಮಂದಿ. ಆ ಒಂದು ವರ್ಷದಲ್ಲಿ ಅವರು ಇದಕ್ಕೆ ಸುರಿದದ್ದು 123 ಕೋಟಿ ಪೌಂಡ್. ಭಾಗಿಸಿ ನೋಡಿದರೆ ತಲೆಗೆ ಹೆಚ್ಚುಕಡಿಮೆ 1,400 ಪೌಂಡ್. ಮೀನು ಮಾರೋದಕ್ಕಲ್ಲ, ಸುಮ್ನೆ ಖುಷಿಗೆ. ದಂಡೆಯಲ್ಲಿ ನಿಂತು ಹಿಡಿದವರಂತೂ ಮುಕ್ಕಾಲು ಪಾಲು ಮೀನನ್ನು ವಾಪಸ್ ನೀರಿಗೇ ಬಿಟ್ಟಿದ್ದಾರೆ.

ಈ ಸರಾಸರಿಯನ್ನು ಪೂರ್ತಿ ನಂಬಬೇಡಿ. ಕಟ್ಟೆಯ ತುದಿಯಲ್ಲಿ ಒಂದು ರಾಡ್ ಹಿಡಿದು ಕೂತ ನಿವೃತ್ತ ಮನುಷ್ಯನ ಖರ್ಚು ಅಂದರೆ ಎರೆಹುಳ, ಬಸ್ ಚಾರ್ಜು, ಒಂದು ಚಹಾ. ಸ್ವಂತ ದೋಣಿ ಇಟ್ಟವನ ಕತೆಯೇ ಬೇರೆ. ಎಂಜಿನ್, ಡೀಸೆಲ್, ವಿಮೆ, ದೋಣಿ ಕಟ್ಟಿಹಾಕುವ ಜಾಗಕ್ಕೆ ಬಾಡಿಗೆ, ಚಳಿಗಾಲದಲ್ಲಿ ರಿಪೇರಿ. ಇಬ್ಬರನ್ನೂ ಸೇರಿಸಿ ಭಾಗಿಸಿದಾಗ ಬಂದದ್ದು ಆ 1,400.

ಈ ಲೆಕ್ಕ ಹಾಕೋದಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು? ಕಾರಣ ಸರಳ. ಅಲ್ಲಿ ಕೆರೆ, ಹೊಳೆಗಳಲ್ಲಿ ಗಾಳ ಹಾಕಲು ರಾಡ್ ಲೈಸೆನ್ಸ್ ಬೇಕು, ಸಮುದ್ರಕ್ಕೆ ಬೇಡ. ಉಬ್ಬರದ ನೀರು ಬರುವ ಕಡೆಯೆಲ್ಲ ಮೀನು ಹಿಡಿಯೋದು ಎಲ್ಲರ ಹಕ್ಕು ಅನ್ನುವ ರೂಢಿ ಇದೆ. ಇದರ ಬೇರನ್ನು 1215ರಲ್ಲಿ ಅಲ್ಲಿನ ದೊರೆ ಒಪ್ಪಿದ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದವರೆಗೂ ಎಳೆಯುತ್ತಾರೆ. ಲೈಸೆನ್ಸ್ ಇಲ್ಲ ಅಂದಮೇಲೆ ಪಟ್ಟಿ ಇಲ್ಲ. ಪಟ್ಟಿ ಇಲ್ಲದ ಮೇಲೆ ಎಷ್ಟು ಜನ, ಎಷ್ಟು ಖರ್ಚು ಅಂತ ಹೇಳೋರು ಯಾರು?

ದುಡ್ಡು ಮಾತ್ರ ಹಿಂದಿನಿಂದಲೂ ಓಡಾಡುತ್ತಿತ್ತು. 1930ರ ದಶಕದಲ್ಲಿ ಉತ್ತರ ಸಮುದ್ರದಲ್ಲಿ ಹೆರಿಂಗ್ ಮೀನಿನ ಹಿಂಡುಗಳ ಬೆನ್ನು ಹತ್ತಿ ದೊಡ್ಡ ಬ್ಲೂಫಿನ್ ಟ್ಯೂನಾ ಬರುತ್ತಿದ್ದವು. ಅವನ್ನು ಹಿಡಿಯೋಕೆ ಸಿರಿವಂತರು ಸ್ಕಾರ್‌ಬರೋ ಊರಿಗೆ ಬಂದಿಳಿಯುತ್ತಿದ್ದರು. 1933ರಲ್ಲಿ ಅಲ್ಲಿ ಗಾಳಕ್ಕೆ ಬಿದ್ದ ಒಂದು ಟ್ಯೂನಾ 851 ಪೌಂಡ್ ತೂಗಿತು, ಅಂದರೆ ಸುಮಾರು 386 ಕೆ.ಜಿ. ಆಮೇಲೆ ಹೆರಿಂಗ್ ಕರಗಿತು, ಟ್ಯೂನಾ ಕಾಣೆಯಾಯಿತು, ಆ ಸಿರಿವಂತರೂ ಬರೋದು ನಿಂತಿತು.

ಅಸಲಿ ಜಗಳ ಶುರುವಾಗಿದ್ದು ಸೀ ಬಾಸ್ ಮೀನಿನ ವಿಷಯದಲ್ಲಿ. ಈ ಮೀನು ನಿಧಾನಕ್ಕೆ ಬೆಳೆಯುತ್ತದೆ. ಹೆಣ್ಣು ಮೊಟ್ಟೆ ಇಡುವ ಹೊತ್ತಿಗೆ ಅದರ ಉದ್ದ ಸುಮಾರು 42 ಸೆಂ.ಮೀ. ಆಗಿರುತ್ತದೆ. ಕಾನೂನು ಮಾತ್ರ 36 ಸೆಂ.ಮೀ. ಇದ್ದರೆ ಸಾಕು, ಹಿಡಿಯಬಹುದು ಅನ್ನುತ್ತಿತ್ತು. ಒಮ್ಮೆಯೂ ಮರಿ ಮಾಡದ ಮೀನೇ ಬಲೆಗೆ ಬೀಳುತ್ತಿತ್ತು, ಅಲ್ವಾ? ಗಾಳದವರು ಹೇಳಿದ್ದು ಇಷ್ಟೇ: ಬಲೆಯಲ್ಲಿ ಸತ್ತ ಬಾಸ್‌ಗೆ ಮಾರುಕಟ್ಟೆಯಲ್ಲಿ ಸಿಗೋದು ಕಿಲೋ ರೇಟು, ಅದೇ ಬಾಸ್ ಸಮುದ್ರದಲ್ಲಿ ಬದುಕಿದ್ದರೆ ಅದನ್ನು ಹಿಡಿಯೋ ಆಸೆಗೆ ನಾವು ಲಾಡ್ಜು, ಹೋಟೆಲು, ದೋಣಿ ಬಾಡಿಗೆ, ಗಾಳದ ಸಾಮಾನಿನ ಅಂಗಡಿ ಎಲ್ಲದಕ್ಕೂ ಜಾಸ್ತಿ ದುಡ್ಡು ಕೊಡ್ತೀವಿ. ಇದಕ್ಕೆ ಪುರಾವೆ ಬೇಕಲ್ಲ. 2004ರಲ್ಲಿ ಸರ್ಕಾರ ಮಾಡಿಸಿದ ಒಂದು ಅಧ್ಯಯನದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ವರ್ಷಕ್ಕೆ 53.8 ಕೋಟಿ ಪೌಂಡ್ ಅಂತ ಬಂತು. ಗಾಳದವರ ಕೈಗೆ ಮೊದಲ ಆಯುಧ ಸಿಕ್ಕಿತು.

ಅದು ತಿರುಗಿ ಇವರಿಗೇ ತಾಗಿತು. ಅಷ್ಟು ಖರ್ಚು ಮಾಡೋರು ಲೈಸೆನ್ಸಿಗೂ ಸ್ವಲ್ಪ ಕೊಡಲಿ ಅನ್ನುವ ಪ್ರಸ್ತಾಪ 2007ರ ಮರೈನ್ ಬಿಲ್ ಶ್ವೇತಪತ್ರದಲ್ಲಿ, ಅಂದರೆ ಸಮುದ್ರದ ಹೊಸ ಕಾನೂನಿಗೆ ಸರ್ಕಾರ ಮುಂದಿಟ್ಟ ಪ್ರಸ್ತಾವನೆಯಲ್ಲಿ, ಬಂತು. ನಮಗೇನು ಸಿಗುತ್ತೆ ಅಂತ ಗಾಳದವರು ಕೇಳಿದರು. ಬಾಸ್ ಅಳತೆಯನ್ನು 40 ಸೆಂ.ಮೀ.ಗೆ ಏರಿಸುವ ಮಾತಾದರೂ ಇತ್ತು, ಸಚಿವರು ಬದಲಾದ ಮೇಲೆ ಅದೇ ವರ್ಷ ಅದನ್ನೂ ಕೈಬಿಟ್ಟರು. ಕೊಡೋದು ಏನೂ ಇಲ್ಲದೆ ಫೀಸ್ ಕೇಳಿದರೆ ಯಾರು ಒಪ್ಪುತ್ತಾರೆ? ಲೈಸೆನ್ಸ್ ಪ್ರಸ್ತಾಪವೂ ಬಿದ್ದುಹೋಯಿತು.

2008ರ ಕೊನೆಯಲ್ಲಿ ಐರೋಪ್ಯ ಒಕ್ಕೂಟದಿಂದ ಇನ್ನೊಂದು ತಲೆನೋವು ಬಂತು. ಹವ್ಯಾಸಿಗಳು ಹಿಡಿದ ಮೀನನ್ನೂ ದೇಶದ ಕೋಟಾದಲ್ಲಿ (ಒಂದು ದೇಶ ವರ್ಷಕ್ಕೆ ಹಿಡಿಯಬಹುದಾದ ಮೀನಿನ ಪಾಲು) ಕಳೆಯಬೇಕು ಅಂತ ಹೊಸ ನಿಯಮದ ಕರಡು ಹೇಳಿತು. ಗಲಾಟೆ ಆದ ಮೇಲೆ ಅದನ್ನು ಸಡಿಲ ಮಾಡಿದರು, ಆದರೆ ಬಾಸ್, ಕಾಡ್‌ನಂಥ ಕೆಲವು ಮೀನುಗಳ ಲೆಕ್ಕವನ್ನಾದರೂ ಕೊಡಲೇಬೇಕಾಯಿತು. 2012ರ ಸಮೀಕ್ಷೆ ಹುಟ್ಟಿದ್ದೇ ಇದರಿಂದ. ಮನೆಮನೆ ವಿಚಾರಣೆ ನಡೆಯಿತು, ದಂಡೆಗೆ ಹೋಗಿ ಗಾಳ ಹಾಕುವವರನ್ನೇ ಮಾತಾಡಿಸಿದರು.

ಆ 123 ಕೋಟಿಯಲ್ಲಿ ತೆರಿಗೆ, ಆಮದು ಸಾಮಾನಿನ ಬೆಲೆ ಎಲ್ಲ ತೆಗೆದರೆ ದೇಶದೊಳಗೆ ಉಳಿದದ್ದು 83.1 ಕೋಟಿ. ಅದರಿಂದ ನೇರವಾಗಿ 10,400 ಪೂರ್ಣಾವಧಿ ಕೆಲಸ. ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾಗಿ ಸುತ್ತೋದನ್ನೂ ಸೇರಿಸಿದರೆ 210 ಕೋಟಿ ಪೌಂಡ್, 23,600 ಕೆಲಸ. ಗಾಳದ ಸಂಘದವರು ಎಲ್ಲ ಕಡೆ ಈ ದೊಡ್ಡ ಅಂಕಿಯನ್ನೇ ಹೇಳುತ್ತಾರೆ. ನನಗೆ 83 ಕೋಟಿಯೇ ನಂಬಿಕೆಗೆ ಹತ್ತಿರ ಅನಿಸುತ್ತೆ. ಅದರಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ: ಗಾಳ ಹಾಕೋದು ಬಿಟ್ಟರೆ ಆ ಜನ ದುಡ್ಡನ್ನು ಮನೆಯಲ್ಲಿ ಇಟ್ಟುಕೊಳ್ತಾರಾ? ಫುಟ್ಬಾಲ್ ಟಿಕೆಟ್ಟಿಗೋ ಇನ್ಯಾವುದಕ್ಕೋ ಖರ್ಚು ಮಾಡ್ತಾರೆ. ದೇಶಕ್ಕೆ ಅಂಥ ನಷ್ಟ ಇಲ್ಲ. ಆದರೆ ಕಡಲ ತೀರದ ಸಣ್ಣ ಊರಿಗೆ ಇದೆ, ಯಾಕಂದ್ರೆ ಪ್ರವಾಸಿಗಳು ಇಲ್ಲದ ಚಳಿಗಾಲದಲ್ಲೂ ಅಲ್ಲಿಗೆ ಹೋಗಿ ರೂಮು ಹಿಡಿಯೋದು ಈ ಗಾಳದವರೇ.

ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು. ಗಾಳದವರು ಜಾಸ್ತಿ ಹಿಡಿದದ್ದು ವೈಟಿಂಗ್ ಮತ್ತು ನಮ್ಮ ಬಂಗುಡೆಯ ನೆಂಟ ಮ್ಯಾಕೆರೆಲ್. ಆದರೆ ಮನೆಗೆ ಒಯ್ದ ಬಾಸ್ ಕೂಡ ವರ್ಷಕ್ಕೆ 230ರಿಂದ 440 ಟನ್. ಬ್ರಿಟನ್ನಿನ ಮೀನುಗಾರಿಕೆ ದೋಣಿಗಳ ಅಧಿಕೃತ ಲೆಕ್ಕ ಸುಮಾರು 900 ಟನ್. ನಾವು ಒಂದೆರಡು ಹಿಡಿಯೋರು ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಬಾಸ್ ಸಂತತಿ ಕುಸಿದಾಗ, 2015ರ ಆರಂಭದಲ್ಲಿ ಮೊಟ್ಟೆ ಇಡುವ ಕಾಲದ ಟ್ರಾಲಿಂಗ್ ನಿಂತಿತು. ಆಮೇಲೆ ಗಾಳದವರಿಗೂ ದಿನಕ್ಕೆ 3 ಮೀನಿನ ಮಿತಿ ಬಂತು, ಕಡಿಮೆ ಅಳತೆ 42 ಸೆಂ.ಮೀ. ಆಯಿತು. 2016ರಲ್ಲಿ ಮೊದಲ ಆರು ತಿಂಗಳು ಹಿಡಿದದ್ದನ್ನೆಲ್ಲ ಬಿಡಬೇಕು, ಆಮೇಲೆ ದಿನಕ್ಕೆ ಒಂದೇ. ದಶಕಗಳಿಂದ ಬಲೆ ದೋಣಿಗಳು ಹಿಡಿದದ್ದಕ್ಕೆ ನಮಗ್ಯಾಕೆ ಶಿಕ್ಷೆ ಅಂತ ಗಾಳದವರು ಸಿಟ್ಟಾದರು. ಸಿಟ್ಟಿನಲ್ಲಿ ನ್ಯಾಯ ಇತ್ತು. ಆದರೆ ತಮ್ಮ ಖರ್ಚು ಲೆಕ್ಕಕ್ಕೆ ಬರಲಿ, ತಾವು ಒಯ್ದ ಮೀನು ಬರೋದು ಬೇಡ ಅಂದರೆ ಆಗಲ್ಲ.

2020ರ ಫಿಶರೀಸ್ ಕಾಯ್ದೆ ಹವ್ಯಾಸಿ ಮೀನುಗಾರಿಕೆ ಬೆಳೆಸಲು ಸಹಾಯಧನ ಕೊಡಲು ಅವಕಾಶ ಮಾಡಿತು. ಅಷ್ಟರಲ್ಲಿ ಬ್ಲೂಫಿನ್ ಟ್ಯೂನಾ ವಾಪಸ್ ಬಂದಿತ್ತು, ಈ ಸಲ ಹೆಚ್ಚಾಗಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕಡೆ. 2021ರಲ್ಲಿ ಕೆಲವೇ ದೋಣಿಗಳಿಗೆ ಹಿಡಿದು, ಟ್ಯಾಗ್ ಹಾಕಿ ಬಿಡಲು ಅನುಮತಿ ಸಿಕ್ಕಿತು. 2024ರಿಂದ ಹವ್ಯಾಸಿಗಳಿಗೂ ಬಾಗಿಲು ತೆರೆಯಿತು, ಆದರೆ ಹಿಡಿದು ಬಿಡಬೇಕು, ಮನೆಗೆ ಒಯ್ಯುವಂತಿಲ್ಲ, ಪರ್ಮಿಟ್ ಕಡ್ಡಾಯ. 2007ರಲ್ಲಿ ಲೈಸೆನ್ಸ್ ಬೇಡ ಅಂದಿದ್ದ ಗಾಳದವರ ಕಡೆಯಿಂದಲೇ ಈ ಪರ್ಮಿಟ್ಟಿಗೆ ಬೇಡಿಕೆ ಹೋಗಿತ್ತು.