31–31: ನ್ಯೂಯಾರ್ಕ್ ಸೆನೆಟ್ಟಿನ ಆ ಒಂದು ತಿಂಗಳು

2009ರ ಜೂನ್ 8ರ ಮಧ್ಯಾಹ್ನ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ಸೆನೆಟ್ ಸಭಾಂಗಣದಲ್ಲಿ ದೀಪಗಳು ಆರಿದವು. ಟಿವಿ ನೇರಪ್ರಸಾರವೂ ನಿಂತಿತು. ಕೈಕೊಟ್ಟಿದ್ದು ವಿದ್ಯುತ್ ಅಲ್ಲ, ಬಹುಮತ. ಡೆಮಾಕ್ರಟಿಕ್ ಪಕ್ಷದ ಇಬ್ಬರು ಸದಸ್ಯರು, ಪೆಡ್ರೊ ಎಸ್ಪಾಡಾ ಮತ್ತು ಹಿರಾಮ್ ಮೊನ್ಸೆರಾಟೆ, ಎದುರು ಸಾಲಿನ ಮೂವತ್ತು ರಿಪಬ್ಲಿಕನ್ನರ ಜೊತೆ ಸೇರಿ ತಮ್ಮದೇ ನಾಯಕ ಮಾಲ್ಕಮ್ ಸ್ಮಿತ್ ಅವರನ್ನು ಇಳಿಸಲು ಕೈಯೆತ್ತಿದ್ದರು.

ನ್ಯೂಯಾರ್ಕ್ ರಾಜ್ಯದ ಶಾಸನಸಭೆಗೆ ಎರಡು ಮನೆಗಳು: ಅಸೆಂಬ್ಲಿ ಮತ್ತು ಸೆನೆಟ್. 1939ರಿಂದ 2008ರವರೆಗೆ ಸೆನೆಟ್ ಹೆಚ್ಚುಕಡಿಮೆ ರಿಪಬ್ಲಿಕನ್ನರ ಆಸ್ತಿಯಂತೆಯೇ ಇತ್ತು. ನಡುವೆ 1965ರಲ್ಲಿ ಮಾತ್ರ ಒಂದು ವರ್ಷ ಡೆಮಾಕ್ರಟರಿಗೆ ಸಿಕ್ಕಿತು. ಆಗಲೂ ನಾಯಕ ಯಾರೆಂದು ಅವರವರೇ ವಾರಗಟ್ಟಲೆ ಜಗಳವಾಡಿ, ಕೊನೆಗೆ ವಿರೋಧಿಗಳ ಮತ ಪಡೆದೇ ಕುರ್ಚಿ ತುಂಬಿಸಿದರು. ರೋಗ ಹಳೆಯದು ಎಂಬುದಕ್ಕೆ ಇಷ್ಟು ಸಾಕು.

2008ರ ನವೆಂಬರ್ ಚುನಾವಣೆಯಲ್ಲಿ ಡೆಮಾಕ್ರಟರು 32–30ರಿಂದ ಗೆದ್ದರು. ಗೆದ್ದ ಮರುದಿನದಿಂದಲೇ ಚೌಕಾಶಿ ಶುರು. ನಾಲ್ವರು ಸದಸ್ಯರು ಸ್ಮಿತ್ ಅವರಿಗೆ ಬೆಂಬಲ ಕೊಡದೆ ಬಿಗಿಯಾಗಿ ನಿಂತರು. ಅಲ್ಲಿ ಬಹುಮತದ ನಾಯಕನಾದವನು ಬರೀ ಸಭೆ ನಡೆಸುವವನಲ್ಲ. ಯಾವ ಮಸೂದೆ ಸದನಕ್ಕೆ ಬರಬೇಕು, ಯಾರಿಗೆ ಯಾವ ಸಮಿತಿ, ಯಾರಿಗೆ ಎಷ್ಟು ಸಿಬ್ಬಂದಿ, ಕ್ಷೇತ್ರಕ್ಕೆ ಹಂಚುವ ಹಣದಲ್ಲಿ ಯಾರ ಪಾಲೆಷ್ಟು ಎಂಬುದೆಲ್ಲ ಅವನ ಮೇಜಿನ ಮೇಲೆ ತೀರ್ಮಾನವಾಗುತ್ತದೆ. ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು) ಮತ್ತು ಎರಡೂ ಸದನಗಳ ನಾಯಕರು ಕೂತು ರಾಜ್ಯ ಆಳುವುದಕ್ಕೆ ಆಲ್ಬನಿಯಲ್ಲಿ 'ಒಂದು ಕೋಣೆ, ಮೂವರು ಗಂಡಸರು' ಎಂಬ ಮಾತೇ ಚಾಲ್ತಿಯಲ್ಲಿತ್ತು. ಇಷ್ಟೆಲ್ಲ ಒಂದೇ ಕುರ್ಚಿಗೆ ಕಟ್ಟಿಹಾಕಿದ ಮೇಲೆ ಕುರ್ಚಿಗಾಗಿ ಕಿತ್ತಾಟ ನಡೆಯದಿದ್ದರೆ ಅದೇ ಆಶ್ಚರ್ಯ. ಪಕ್ಷ ಬದಲಿಸಿ ಮತ ಹಾಕಿದವರ ಸದಸ್ಯತ್ವ ಕಸಿಯುವ, ನಮ್ಮಲ್ಲಿರುವಂಥ ಪಕ್ಷಾಂತರ ನಿಷೇಧ ಕಾಯ್ದೆಯೂ ಅಲ್ಲಿಲ್ಲ.

ಇದರ ಹಿಂದೆ ಒಬ್ಬ ಮುನಿಸಿಕೊಂಡ ಕೋಟ್ಯಧೀಶರೂ ಇದ್ದರು. 2008ರಲ್ಲಿ ಡೆಮಾಕ್ರಟರಿಗೆ ಹಣ ಸುರಿದಿದ್ದ ಉದ್ಯಮಿ ಟಾಮ್ ಗೊಲಿಸಾನೊ, ತಾವು ಮಾತಾಡಲು ಹೋದಾಗ ಸ್ಮಿತ್ ಮೊಬೈಲಿನಲ್ಲೇ ಮುಳುಗಿದ್ದರು ಎಂದು ದೂರಿದರು. ಜೂನ್ 8ರ ಯೋಜನೆಗೆ ಅವರ ಬೆಂಬಲವಿತ್ತು. ಆ ದಿನ ಎಸ್ಪಾಡಾ ಸೆನೆಟ್ಟಿನ ಹಂಗಾಮಿ ಅಧ್ಯಕ್ಷರಾದರು, ರಿಪಬ್ಲಿಕನ್ ಡೀನ್ ಸ್ಕೆಲೋಸ್ ಬಹುಮತದ ನಾಯಕರಾದರು.

ಮರುದಿನದಿಂದ ಸಭಾಂಗಣಕ್ಕೆ ಬೀಗ. ಕೀಲಿಕೈ ಯಾರ ಬಳಿ ಇರಬೇಕು ಎಂಬುದೂ ಸಾಂವಿಧಾನಿಕ ಪ್ರಶ್ನೆಯಾಯಿತು! ಒಂದು ವಾರಕ್ಕೆ ಮೊನ್ಸೆರಾಟೆ ಡೆಮಾಕ್ರಟರ ಕಡೆಗೆ ಮರಳಿದರು. ಲೆಕ್ಕ 31–31 ಆಯಿತು.

ಸಮಬಲವಾದರೆ ನಿರ್ಣಾಯಕ ಮತ ಹಾಕಬೇಕಾದವರು ಲೆಫ್ಟಿನೆಂಟ್ ಗವರ್ನರ್, ಅಂದರೆ ಗವರ್ನರ್ ನಂತರದ ಸ್ಥಾನದವರು. ಆ ಹುದ್ದೆಯೇ ಖಾಲಿ. ಗವರ್ನರ್ ಎಲಿಯಟ್ ಸ್ಪಿಟ್ಜರ್ 2008ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟಾಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಡೇವಿಡ್ ಪ್ಯಾಟರ್ಸನ್ ಮೇಲೇರಿದ್ದರು, ಅವರ ಜಾಗ ತುಂಬಿರಲಿಲ್ಲ. ಹಾಗಾಗಿ ಗವರ್ನರ್‌ಗೆ ಏನಾದರೂ ಆದರೆ ಮುಂದಿನ ಸರದಿ ಸೆನೆಟ್ಟಿನ ಹಂಗಾಮಿ ಅಧ್ಯಕ್ಷರದು. ಆ ಅಧ್ಯಕ್ಷ ಯಾರೆಂಬುದೇ ಜಗಳ.

ಜೂನ್ 23ರಂದು ಎರಡೂ ಪಕ್ಷಗಳು ಒಂದೇ ಸಭಾಂಗಣದಲ್ಲಿ, ಒಂದೇ ಹೊತ್ತಿಗೆ, ಬೇರೆ ಬೇರೆ ಅಧಿವೇಶನ ನಡೆಸಿದವು. ಎರಡು ಸುತ್ತಿಗೆ, ಇಬ್ಬರು ಸಭಾಪತಿ. ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳದ ಜಾತ್ರೆ. ಜೂನ್ 30ರಂದು ಇದಕ್ಕಿಂತ ವಿಚಿತ್ರ ನಡೆಯಿತು. ಕ್ವೀನ್ಸ್‌ನ ಹಿರಿಯ ರಿಪಬ್ಲಿಕನ್ ಸದಸ್ಯ ಫ್ರಾಂಕ್ ಪದಾವನ್ ಸಭಾಂಗಣದ ಮೂಲಕ ಅಡ್ಡದಾರಿ ಹಿಡಿದು ನಡೆದರು. ಒಳಗೆ ಕಾದಿದ್ದ 31 ಡೆಮಾಕ್ರಟರು ಅವರನ್ನೂ ಎಣಿಸಿ, '32 ಮಂದಿ, ಕೋರಂ ಆಯಿತು' ಎಂದು ಸಾಲುಸಾಲಾಗಿ ಮಸೂದೆ ಅಂಗೀಕರಿಸಿಬಿಟ್ಟರು. ಪ್ಯಾಟರ್ಸನ್ ಅವುಗಳಿಗೆ ಸಹಿ ಹಾಕಲು ಒಪ್ಪಲಿಲ್ಲ. ಅದೇ ರಾತ್ರಿ ನ್ಯೂಯಾರ್ಕ್ ನಗರದ ಶಾಲೆಗಳ ಮೇಲೆ ಮೇಯರ್‌ಗೆ ಇದ್ದ ಅಧಿಕಾರದ ಅವಧಿ ಮುಗಿಯಿತು; ಅದನ್ನು ಮುಂದುವರಿಸಬೇಕಾದ ಸದನ ಹೆಜ್ಜೆ ಎಣಿಸುತ್ತ ಕೂತಿತ್ತು.

ಜುಲೈ 8ರ ಸಂಜೆ ಪ್ಯಾಟರ್ಸನ್, ರಿಚರ್ಡ್ ರಾವಿಚ್ ಅವರನ್ನು ಲೆಫ್ಟಿನೆಂಟ್ ಗವರ್ನರ್ ಆಗಿ ನೇಮಿಸಿದರು. ಅಂಥ ನೇಮಕ ಮಾಡಬಹುದೇ ಎಂಬುದರಲ್ಲೇ ಅನುಮಾನವಿತ್ತು. ತಡೆಯಾಜ್ಞೆ ಬರುವುದರೊಳಗೆ ಆಗಿಬಿಡಲಿ ಎಂದು ಪ್ರಮಾಣವಚನ ನಡೆದದ್ದು ಬ್ರೂಕ್ಲಿನ್‌ನ ಒಂದು ಮಾಂಸದೂಟದ ಹೋಟೆಲಿನಲ್ಲಿ. ಮರುದಿನವೇ ಎಸ್ಪಾಡಾ ಡೆಮಾಕ್ರಟರ ಕಡೆಗೆ ವಾಪಸಾದರು, ಬಹುಮತದ ನಾಯಕ ಎಂಬ ಬಿರುದಿನೊಂದಿಗೆ. ಸ್ಮಿತ್ ಹಂಗಾಮಿ ಅಧ್ಯಕ್ಷರಾಗಿ ಉಳಿದರೂ ಪಕ್ಷದ ಲಗಾಮು ಜಾನ್ ಸ್ಯಾಂಪ್ಸನ್ ಕೈಗೆ ಹೋಯಿತು. ಮೂವತ್ತೊಂದು ದಿನದ ಗದ್ದಲ ಒಂದು ಕುರ್ಚಿಯನ್ನು ಮೂರಾಗಿ ಸೀಳಿ ತಣ್ಣಗಾಯಿತು.

ಮುಂದಿನದು ಬೇಗ ಹೇಳಿ ಮುಗಿಸಬಹುದು. 2010ರಲ್ಲಿ ರಿಪಬ್ಲಿಕನ್ನರು ಸೆನೆಟ್ ಮರಳಿ ಗೆದ್ದರು. 2011ರಲ್ಲಿ ಜೆಫ್ ಕ್ಲೈನ್ ನೇತೃತ್ವದ ಡೆಮಾಕ್ರಟರ ಗುಂಪೊಂದು ಪ್ರತ್ಯೇಕವಾಗಿ ನಿಂತು, ಮುಂದೆ ರಿಪಬ್ಲಿಕನ್ನರೊಂದಿಗೆ ಅಧಿಕಾರ ಹಂಚಿಕೊಂಡಿತು. 2018ರಲ್ಲಿ ಆ ಗುಂಪು ಕರಗಿತು. 2019ರ ಜನವರಿಯಲ್ಲಿ ಆಂಡ್ರಿಯಾ ಸ್ಟೀವರ್ಟ್-ಕಸಿನ್ಸ್ ಬಹುಮತದ ನಾಯಕಿಯಾದಾಗ 'ಮೂವರು ಗಂಡಸರು' ಎಂಬ ಮಾತಿಗೂ ತಿದ್ದುಪಡಿ ಬೇಕಾಯಿತು. ಸ್ಮಿತ್, ಎಸ್ಪಾಡಾ, ಮೊನ್ಸೆರಾಟೆ, ಸ್ಯಾಂಪ್ಸನ್, ಸ್ಕೆಲೋಸ್ ಐವರೂ ನಂತರದ ವರ್ಷಗಳಲ್ಲಿ ಈ ಪ್ರಸಂಗಕ್ಕೆ ಸಂಬಂಧವಿಲ್ಲದ ಬೇರೆ ಬೇರೆ ಪ್ರಕರಣಗಳಲ್ಲಿ ಅಪರಾಧಿಗಳಾದರು. ಇವರಲ್ಲಿ ಎರಡೂ ಪಕ್ಷದವರಿದ್ದಾರೆ. ಎಲ್ಲರೂ ಸುತ್ತಿದ್ದು ಒಂದೇ ಕುರ್ಚಿಯನ್ನು.

ಹೋಟೆಲಿನ ಪ್ರಮಾಣವಚನವನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2009ರ ಸೆಪ್ಟೆಂಬರಿನಲ್ಲಿ 4–3ರಿಂದ ಎತ್ತಿಹಿಡಿಯಿತು. ಒಂದೇ ಒಂದು ಮತದ ಅಂತರ. 2021ರಲ್ಲಿ ಗವರ್ನರ್ ಆದ ಕ್ಯಾಥಿ ಹೋಕಲ್ ಅದೇ ದಾರಿಯಲ್ಲಿ ತಮ್ಮ ಲೆಫ್ಟಿನೆಂಟ್ ಗವರ್ನರ್‌ರನ್ನು ನೇಮಿಸಿದರು, 2022ರಲ್ಲಿ ಇನ್ನೊಮ್ಮೆ.