ಬೀಳುವ ದ್ರವ್ಯ, ಬೆಳಗುವ ಕ್ವೇಸಾರ್

ಶಿವಮೊಗ್ಗದ ಕಾಲೇಜೊಂದರಲ್ಲಿ ಬೃಹತ್ ಕಪ್ಪುಕುಳಿಗಳ ಕುರಿತು ನಡೆದ ಸಾರ್ವಜನಿಕ ಉಪನ್ಯಾಸದಲ್ಲಿ ಸಭಿಕರ ಹೆಚ್ಚಿನ ಪ್ರಶ್ನೆಗಳು ಕುಳಿಯೊಳಗೆ ಬಿದ್ದವರ ಗತಿಯೇನು ಎಂಬುದರ ಸುತ್ತಲೇ ಇದ್ದವು. ಅದಕ್ಕಿಂತ ತೂಕದ ಪ್ರಶ್ನೆಯನ್ನು ಎತ್ತಿದವಳು ಪಿಯುಸಿ ವಿದ್ಯಾರ್ಥಿನಿ: ಬೆಳಕನ್ನೂ ಹೊರಬಿಡದ ವಸ್ತುವೊಂದು ತಾನಿರುವ ಗೆಲಾಕ್ಸಿಯನ್ನೇ ಮಂಕಾಗಿಸುವಷ್ಟು ಬೆಳಗುವುದು ಹೇಗೆ? (ಕಪ್ಪುಕುಳಿಯಿಂದಾಗಿ ಹೀಗೆ ಬೆಳಗುವ ಗೆಲಾಕ್ಸಿ ಕೇಂದ್ರವನ್ನೇ ಕ್ವೇಸಾರ್ ಎನ್ನುತ್ತಾರೆ.) ಒಳಗೆ ಬಿದ್ದ ಮೇಲಿನ ಕಥೆ ನಮ್ಮನ್ನು ಎಂದೂ ತಲುಪುವುದಿಲ್ಲ. ಖಗೋಳವಿಜ್ಞಾನಿಗಳಿಗೆ ದಕ್ಕುವುದೆಲ್ಲ ಬೀಳುವ ಮುನ್ನಿನ ಕಥೆಯೇ.

ಉತ್ತರವನ್ನು ಈ ಜಿಲ್ಲೆಯವರಿಗೆ ಜೋಗದಿಂದಲೇ ಆರಂಭಿಸಿ ಹೇಳಬಹುದು. 253 ಮೀಟರ್ ಎತ್ತರದಿಂದ ಧುಮುಕುವ ನೀರಿನ ಶಕ್ತಿಯೆಲ್ಲ ಪೂರ್ತಿಯಾಗಿ ವಿದ್ಯುತ್ತಾದರೂ ಒಂದು ಯೂನಿಟ್ ಪಡೆಯಲು ಸುಮಾರು 1,450 ಲೀಟರ್ ನೀರು ಬೀಳಬೇಕು. ಭೂಮಿಯ ಗುರುತ್ವ ಅಷ್ಟು ದುರ್ಬಲ. ಕಪ್ಪುಕುಳಿಯತ್ತ ಬೀಳುವ ದ್ರವ್ಯವಾದರೋ ತನ್ನ ರಾಶಿಯ ಸುಮಾರು ಹತ್ತನೇ ಒಂದು ಭಾಗವನ್ನೇ ಶಕ್ತಿಯಾಗಿ ಹೊರಚೆಲ್ಲಬಲ್ಲದು. ಸೂರ್ಯನ ಗರ್ಭದಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ಹೀಗೆ ಶಕ್ತಿಯಾಗುವುದು ಶೇ. 0.7 ಮಾತ್ರ. ಕಪ್ಪುಕುಳಿಗೆ ಬೀಳುವ ಒಂದೇ ಒಂದು ಕಿಲೋ ಅನಿಲದಿಂದ ಹೊಮ್ಮುವ ಶಕ್ತಿಯನ್ನು ಉತ್ಪಾದಿಸಲು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಹತ್ತೂ ಘಟಕಗಳು ಹಗಲಿರುಳೆನ್ನದೆ ಸುಮಾರು ನೂರು ದಿನ ಪೂರ್ಣವಾಗಿ ನಡೆಯಬೇಕಾಗುತ್ತದೆ.

ಆದರೆ ಅನಿಲ ನೆಟ್ಟಗೆ ಬಿದ್ದುಬಿಟ್ಟರೆ ಆ ಶಕ್ತಿಯೂ ಬಹುಪಾಲು ಕುಳಿಯ ಪಾಲೇ. ಅದು ಸುತ್ತುತ್ತ ಬರುವುದರಿಂದ ಒಮ್ಮೆಲೇ ಬೀಳಲಾರದೆ ತಟ್ಟೆಯಾಕಾರದಲ್ಲಿ ಹರಡಿಕೊಳ್ಳುತ್ತದೆ. ಒಳಗಿನ ಸುತ್ತುಗಳು ಹೊರಗಿನವುಗಳಿಗಿಂತ ವೇಗವಾಗಿ ತಿರುಗುವುದರಿಂದ ಕಾಂತಕ್ಷೇತ್ರದ ಎಳೆದಾಟಕ್ಕೆ ಸಿಕ್ಕಿದ ಅನಿಲ ಕಾದು ಬೆಳಗುತ್ತ, ತನ್ನ ಸುತ್ತುವಿಕೆಯನ್ನು ಹೊರಗಿನ ಪದರಗಳಿಗೆ ದಾಟಿಸುತ್ತ, ನಿಧಾನವಾಗಿ ಒಳಸರಿಯುತ್ತದೆ. ಕಪ್ಪುಕುಳಿಯನ್ನು ಸುತ್ತಲಿನದನ್ನೆಲ್ಲ ಹೀರುವ ರಾಕ್ಷಸನಂತೆ ಚಿತ್ರಿಸುವುದು ನನಗೆ ಒಪ್ಪಿಗೆಯಾಗದಿರುವುದು ಇದಕ್ಕಾಗಿಯೇ. ಬೀಳುವುದು ಅಷ್ಟು ಸುಲಭವಾಗಿದ್ದರೆ ಕ್ವೇಸಾರ್‌ಗಳೇ ಇರುತ್ತಿರಲಿಲ್ಲ.

ಮೊದಲು ಗುಟ್ಟು ಬಿಟ್ಟುಕೊಟ್ಟ ಕ್ವೇಸಾರ್ 3ಸಿ 273. 1962ರಲ್ಲಿ ಚಂದ್ರ ಅದನ್ನು ಮರೆಮಾಡಿದ ಸಮಯವನ್ನು ಬಳಸಿಕೊಂಡು ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ ಅದರ ಸ್ಥಾನವನ್ನು ನಿಖರವಾಗಿ ಗುರುತಿಸಿದರು. ಅಲ್ಲಿ ಕಂಡದ್ದು ಸಾಧಾರಣ ನಕ್ಷತ್ರದಂಥ ಒಂದು ಚುಕ್ಕೆ. ಅದರ ರೋಹಿತದ, ಎಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯ, ಗೆರೆಗಳು ಮಾತ್ರ ಯಾವ ಮೂಲವಸ್ತುವಿಗೂ ಹೊಂದುತ್ತಿರಲಿಲ್ಲ. ಅವು ಹೈಡ್ರೋಜನ್ ಗೆರೆಗಳೇ, ಶೇ. 16ರಷ್ಟು ಕೆಂಪಿನತ್ತ ಸರಿದಿವೆ ಎಂದು 1963ರಲ್ಲಿ ಖಗೋಳವಿಜ್ಞಾನಿ ಮಾರ್ಟೆನ್ ಶ್ಮಿಟ್ ಕಂಡುಕೊಂಡರು. ವಿಶ್ವ ಹಿಗ್ಗುತ್ತಿರುವುದರಿಂದ, ದೂರದಿಂದ ಬಂದಷ್ಟೂ ಬೆಳಕು ಹೆಚ್ಚು ಕೆಂಪಿನತ್ತ ಸರಿದಿರುತ್ತದೆ. ಎಂದರೆ ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷಗಳಾಗಿವೆ. ಅಷ್ಟು ದೂರದಿಂದಲೂ ಕಾಣಬೇಕಾದರೆ ಅದು ಲಕ್ಷಾಂತರ ಕೋಟಿ ಸೂರ್ಯರಷ್ಟು ಪ್ರಖರವಾಗಿರಬೇಕು. ಇಂಥ ಕ್ವೇಸಾರ್‌ಗಳ ಪ್ರಕಾಶ ಕೆಲವೇ ವಾರ, ತಿಂಗಳುಗಳಲ್ಲಿ ಏರಿಳಿಯುತ್ತದೆ. ಬೆಳಕೇ ಒಂದು ತಿಂಗಳಲ್ಲಿ ದಾಟಲಾಗದಷ್ಟು ದೊಡ್ಡ ವಸ್ತುವು ಒಂದು ತಿಂಗಳಲ್ಲಿ ಒಟ್ಟಾಗಿ ಮಂಕಾಗಲಾರದು. ಅಷ್ಟು ಕಿರಿದಾದ ಜಾಗದಲ್ಲಿ ಅಷ್ಟು ಬೆಳಕನ್ನು ಹುಟ್ಟಿಸುವ ಯಂತ್ರ ಕಪ್ಪುಕುಳಿಯಲ್ಲದೆ ಬೇರೊಂದು ನಮಗೆ ತಿಳಿದಿಲ್ಲ. ಏಪ್ರಿಲ್ ಕೊನೆಯ ವಾರ ರಾತ್ರಿ ಹತ್ತೂವರೆಯ ಸುಮಾರಿಗೆ ಈ 3ಸಿ 273 ಕನ್ಯಾ ರಾಶಿಯಲ್ಲಿ, ನಮ್ಮ ನೆತ್ತಿಯ ಸಮೀಪದಲ್ಲೇ ಇರುತ್ತದೆ. ದೀಪಗಳಿಲ್ಲದ ತೀರ್ಥಹಳ್ಳಿ ಕಡೆಯ ಯಾವುದಾದರೂ ಬಯಲಿನಲ್ಲಿ ಎಂಟು ಇಂಚಿನ ದೂರದರ್ಶಕ ಇದ್ದರೆ ಅದನ್ನು ಹುಡುಕಿ ನೋಡಬಹುದು.

ನಮ್ಮ ಆಕಾಶಗಂಗೆಯ ನಡುವೆಯೂ 43 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯಿದೆ. 16 ವರ್ಷಗಳಿಗೊಮ್ಮೆ ಅದನ್ನು ಸುತ್ತುವ ನಕ್ಷತ್ರವನ್ನೂ ಅದರ ನೆರೆಯವುಗಳನ್ನೂ ಅವಕೆಂಪು ಬೆಳಕಿನಲ್ಲಿ ವರ್ಷಾನುಗಟ್ಟಲೆ ಹಿಂಬಾಲಿಸಿದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜೆಲ್ 2020ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಅದು ಕ್ವೇಸಾರ್ ಆಗಿಲ್ಲ, ಏಕೆಂದರೆ ಅದಕ್ಕೆ ಈಗ ಆಹಾರವೇ ಸಾಲದು. (ಧನು ರಾಶಿಯ ಆ ದಿಕ್ಕು ಸಂಜೆಯ ಬಳಿಕ ಎತ್ತರಕ್ಕೇರುವ ಜುಲೈ, ಆಗಸ್ಟ್‌ಗಳಲ್ಲಿ ಆಗುಂಬೆಯವರಿಗೆ ಮೋಡವಲ್ಲದೆ ಬೇರೇನೂ ಕಾಣದು, ಮಲೆನಾಡಿನವರಿಗೆ ಮಾರ್ಚಿನ ಬೆಳಗಿನ ಜಾವವೇ ಗತಿ.)

ನಿಜವಾದ ಒಗಟು ಇರುವುದು ಬೆಳವಣಿಗೆಯಲ್ಲಿ. ಬೀಳುವ ಅನಿಲದ ಬೆಳಕೇ ಹೊಸ ಅನಿಲವನ್ನು ಹೊರಕ್ಕೆ ತಳ್ಳುವುದರಿಂದ ಕಪ್ಪುಕುಳಿಯ ಹಸಿವಿಗೊಂದು ಮಿತಿಯಿದೆ. ಆ ಮಿತಿಯಲ್ಲಿ ಅದರ ತೂಕ ದುಪ್ಪಟ್ಟಾಗಲು ಸುಮಾರು 3.5 ಕೋಟಿ ವರ್ಷ ಬೇಕು. ನಕ್ಷತ್ರವೊಂದು ಕುಸಿದು ಉಂಟಾದ 100 ಸೂರ್ಯರ ತೂಕದ ಕುಳಿ 24 ಬಾರಿ ದುಪ್ಪಟ್ಟಾದರೆ 160 ಕೋಟಿ ಸೂರ್ಯರ ತೂಕವನ್ನು ಮುಟ್ಟೀತು, ಅದಕ್ಕೆ 84 ಕೋಟಿ ವರ್ಷ ಹಿಡಿದೀತು. ಆದರೆ 2021ರಲ್ಲಿ ಪ್ರಕಟವಾದ ಕ್ವೇಸಾರ್ ಒಂದರಲ್ಲಿ ಅಷ್ಟೇ ತೂಕದ ಕುಳಿ ಕಂಡಾಗ ವಿಶ್ವಕ್ಕಿನ್ನೂ 67 ಕೋಟಿ ವರ್ಷ! ಒಂದೋ ಬೃಹತ್ ಅನಿಲಮೋಡಗಳು ನಕ್ಷತ್ರಗಳಾಗದೆ ನೇರವಾಗಿ ಕುಸಿದು ಹತ್ತಾರು ಸಾವಿರ ಸೂರ್ಯರ ತೂಕದ ಕುಳಿಗಳೇ ಮೊದಲಿಗೆ ಹುಟ್ಟಿರಬೇಕು, ಇಲ್ಲವೇ ಆ ಕುಳಿಗಳು ಮಿತಿಮೀರಿ ತಿಂದಿರಬೇಕು. ತಾವಿರುವ ಪುಟ್ಟ ಗೆಲಾಕ್ಸಿಗಳಿಗೆ ಹೋಲಿಸಿದರೆ ಅತಿ ಭಾರವಾದ ಕಪ್ಪುಕುಳಿಗಳನ್ನು ಜೇಮ್ಸ್ ವೆಬ್ ದೂರದರ್ಶಕವು ಆ ಕಾಲದಲ್ಲಿ ಪತ್ತೆಹಚ್ಚುತ್ತಿರುವುದು ಹಲವು ವಿಜ್ಞಾನಿಗಳನ್ನು ಮೊದಲ ವಿವರಣೆಯತ್ತ ವಾಲಿಸಿದೆ.